ಕುರಿಗಳ ನಡುವೆ ಕಂಚು

ಇಂಗ್ಲೆಂಡಿನ ವೇಕ್‌ಫೀಲ್ಡ್ ಕಡೆ ಮಗಳ ಮನೆಗೋ ಮಗನ ಮನೆಗೋ ಹೋದವರು ಒಂದು ದಿನ ಬಿಡುವು ಮಾಡಿಕೊಂಡು ಯಾರ್ಕ್‌ಷೈರ್ ಸ್ಕಲ್ಪ್ಚರ್ ಪಾರ್ಕಿಗೆ ಹೋಗಬೇಕು. ಒಳ್ಳೆಯ ಬೂಟು ಹಾಕಿಕೊಂಡೇ ಹೋಗಿ. ಬ್ರೆಟನ್ ಹಾಲ್ ಎಂಬ ಹಳೆಯ ಸಿರಿವಂತರ ಎಸ್ಟೇಟಿನಲ್ಲಿ 1977ರಲ್ಲಿ ಶುರುವಾದ ಈ ಬಯಲು ಮ್ಯೂಸಿಯಂ ಈಗ 500 ಎಕರೆ ಹರಡಿದೆ. ಹುಲ್ಲು ಒದ್ದೆ, ಏರುತಗ್ಗು ಬೇರೆ. ಎಲ್ಲವನ್ನೂ ನೋಡಿಯೇ ತೀರುತ್ತೇನೆಂದು ನಕ್ಷೆ ಹಿಡಿದು ಓಡಿದರೆ ಕಾಲುನೋವೇ ಗಳಿಕೆ. ಮೂರು ಕೃತಿ ಸಾಕು.

ಮೊದಲು ಶಿಲ್ಪಿ ಹೆನ್ರಿ ಮೂರ್. ಪಕ್ಕದ ಕ್ಯಾಸಲ್‌ಫರ್ಡ್‌ನಲ್ಲಿ ಹುಟ್ಟಿದವನು; ಮೂಳೆ, ಬೆಣಚುಕಲ್ಲು ಆಯ್ದು ತಂದು ಕೂಡಿಡುವ ಚಟ. ಅವನ ‘ಲಾರ್ಜ್ ಟೂ ಫಾರ್ಮ್ಸ್’ ದೂರಕ್ಕೆ ಸವೆದ ಎರಡು ಎಲುಬಿನಂತೆ ಕಾಣುತ್ತದೆ. ‘ಇದೇನು?’ ಎಂದು ಕೇಳುವುದನ್ನು ಸ್ವಲ್ಪ ಹೊತ್ತು ತಡೆಯಿರಿ. ಬೆಟ್ಟ ಹತ್ತಿ ಗೊಮ್ಮಟನನ್ನು ಕಂಡ ನಮಗೆ ಶಿಲ್ಪದ ಹಿಂದೆ ಆಕಾಶವಿರುವುದು ಹೊಸದಲ್ಲ. ಆದರೆ ಗೊಮ್ಮಟನಿಗೆ ಮುಖ ಒಂದು ಕಡೆಗಿದೆ, ನಾವು ಎಲ್ಲಿ ನಿಲ್ಲಬೇಕೆಂಬುದು ಗೊತ್ತಿದೆ. ಮೂರ್‌ನ ಕಂಚಿಗೆ ಎದುರೂ ಇಲ್ಲ, ಬೆನ್ನೂ ಇಲ್ಲ. ಸುತ್ತು ಹಾಕಿ. ಹತ್ತು ಹೆಜ್ಜೆಗೆ ಎರಡು ತುಂಡು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. ಇನ್ನೆರಡು ಹೆಜ್ಜೆಗೆ ನಡುವೆ ಸಂದು ತೆರೆದು ಬೆಳಕು ನುಗ್ಗುತ್ತದೆ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಅದರ ತೂತಿನೊಳಗಿಂದ ಆಚೆ ನೋಡಿ: ಒಂದು ಮರ, ಒಂದು ತುಂಡು ಗುಡ್ಡ, ಮೇಯುವ ಕುರಿ. ಆ ಕುರಿ ಸರಿದುಹೋದರೆ ನೀವು ನೋಡುತ್ತಿದ್ದ ಶಿಲ್ಪವೂ ಬದಲಾಯಿತು. ಕುರಿಗೇನು, ಮಳೆ ಬಂದರೆ ಕಂಚಿನ ಮರೆಗೆ ಬಂದು ನಿಲ್ಲುತ್ತದೆ. ನಮ್ಮಷ್ಟು ಸಂಕೋಚ ಅದಕ್ಕಿಲ್ಲ.

ಬಾರ್ಬರಾ ಹೆಪ್‌ವರ್ತ್ ವೇಕ್‌ಫೀಲ್ಡ್‌ನವಳೇ. 1970ರ ‘ದ ಫ್ಯಾಮಿಲಿ ಆಫ್ ಮ್ಯಾನ್’ನಲ್ಲಿ ಇಳಿಜಾರಿನ ಮೇಲೆ ಒಂಬತ್ತು ಕಂಚಿನ ಆಕೃತಿಗಳು, ಪೆಟ್ಟಿಗೆ ಮೇಲೆ ಪೆಟ್ಟಿಗೆ ಇಟ್ಟಂತೆ. ಮದುಮಗಳು, ಮದುಮಗ, ಹಿರಿಯರು ಎಂದು ಹೆಸರುಗಳಿವೆ. ಹೆಸರು ಓದುವ ಮುಂಚೆ ಯಾರು ಯಾರೆಂದು ನೀವೇ ಊಹಿಸಿ, ತಪ್ಪಿದರೂ ಮಜಾ.

ಕೊನೆಗೆ ಕಲಾವಿದ ಜೇಮ್ಸ್ ಟರೆಲ್. ಹದಿನೆಂಟನೆಯ ಶತಮಾನದಲ್ಲಿ ಜಿಂಕೆಗಳಿಗೆಂದು ಕಟ್ಟಿದ ಆಸರೆಯೊಳಗೆ 2006ರಲ್ಲಿ ಒಂದು ಕೋಣೆ ಮಾಡಿದ. ಒಳಗೆ ಶಿಲ್ಪವೇ ಇಲ್ಲ! ಗೋಡೆಗುಂಟ ಕಾಂಕ್ರೀಟ್ ಆಸನ, ಮಾಡಿನಲ್ಲಿ ಚೌಕಾಕಾರದ ಕಿಂಡಿ. ಗೋಡೆಗೆ ಒರಗಿ ಕುತ್ತಿಗೆ ಹಿಂದಕ್ಕೆ ಚೆಲ್ಲಿ. ಮೊದಲು ಅದು ಬರೀ ಆಕಾಶ; ಹತ್ತು ನಿಮಿಷಕ್ಕೆ ಮಾಡಿಗೆ ಬಿಗಿದ ನೀಲಿ ಬಟ್ಟೆ. ಮೋಡವೊಂದು ಈ ಅಂಚಿನಿಂದ ಆ ಅಂಚಿಗೆ ದಾಟುವವರೆಗೆ ಏಳಬೇಡಿ. ಹನಿ ಬಿದ್ದರೆ ಬೀಳಲಿ.