ಅರ್ಥಶಾಸ್ತ್ರವೂ ನಿರ್ವಹಣ ಚಿಂತನೆಯ ಚರಿತ್ರೆಯೂ

ನಿರ್ವಹಣ ಚಿಂತನೆಯು ಪಶ್ಚಿಮದ ಕಾರ್ಖಾನೆಗಳಲ್ಲಿ ಜನ್ಮತಾಳಿತೆಂಬುದು ಒಂದು ಪಕ್ಷ. ಕೌಟಿಲ್ಯನ ಅರ್ಥಶಾಸ್ತ್ರವೇ ಅದರ ಆದಿಗ್ರಂಥವೆಂಬುದು ಇನ್ನೊಂದು ಪಕ್ಷ. ಈ ವಾದಕ್ಕೆ ಕನ್ನಡನಾಡಿನ ಸಂಬಂಧ ನಿಕಟವಾದುದು. ಆ ಗ್ರಂಥದ ಓಲೆಯ ಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದವರು ಮೈಸೂರು ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು. ಅಮೆರಿಕದ ಟೇಲರನ ಗ್ರಂಥ ಹೊರಬಂದುದು 1911ರಲ್ಲಿ. ಫ್ರಾನ್ಸಿನ ಫಯೋಲನ ಪ್ರಬಂಧ 1916ರಲ್ಲಿ. ಪ್ರಾಚೀನವೂ ನವೀನವೂ ಏಳೆಂಟು ವರ್ಷಗಳೊಳಗೆ ಜಗತ್ತಿನ ಕೈಸೇರಿದವೇ ಹೊರತು ಒಂದರಿಂದ ಇನ್ನೊಂದು ಹುಟ್ಟಲಿಲ್ಲ. ಸಾದೃಶ್ಯವನ್ನು ವಂಶಾವಳಿಯೆಂದು ಎಣಿಸುವುದು ಚರಿತ್ರೆಯಾಗದು.

ಗ್ರಂಥದ ಕಾಲವೂ ವಿವಾದಗ್ರಸ್ತ. ಮುಂಬಯಿ ವಿಶ್ವವಿದ್ಯಾಲಯವು 1960ರಿಂದ 1965ರ ವರೆಗೆ ಮೂರು ಭಾಗಗಳಲ್ಲಿ ಪ್ರಕಟಿಸಿದ ಆವೃತ್ತಿಯ ಸಂಪಾದಕರಾದ ಆರ್. ಪಿ. ಕಾಂಗಳೆಯವರು ಏಕಕರ್ತೃತ್ವವನ್ನೂ ಮೌರ್ಯಕಾಲವನ್ನೂ ಸಮರ್ಥಿಸಿದರು. ಥಾಮಸ್ ಟ್ರೌಟ್‌ಮನ್ನರು 1971ರಲ್ಲಿ ಪದಬಳಕೆಯ ಗಣನೆಯಿಂದ ಹಲವು ಕರ್ತೃಗಳನ್ನು ಕಂಡರು. ಪ್ಯಾಟ್ರಿಕ್ ಒಲಿವೆಲ್ಲರ 2013ರ ಅನುವಾದವು ರಚನೆಯನ್ನು ಕ್ರಿಸ್ತಶಕದ ಆರಂಭದ ಆಸುಪಾಸಿಗೆ ತರುತ್ತದೆ. ಆದ್ದರಿಂದ ‘ಮೊದಲಿಗರು ಯಾರು?’ ಎಂಬ ಪ್ರಶ್ನೆಯ ನೆಲೆಯೇ ಸಡಿಲವಾದುದು.

ಹೆಚ್ಚು ಫಲವತ್ತಾದ ಪ್ರಶ್ನೆ ಬೇರೊಂದಿದೆ: ವ್ಯಾಖ್ಯಾನಕಾರರು ಯಾವುದನ್ನು ಆರಿಸುತ್ತಾರೆ, ಯಾವುದನ್ನು ಬಿಡುತ್ತಾರೆ? ಎರಡನೆಯ ಅಧಿಕರಣದ ಸೂತ್ರಾಧ್ಯಕ್ಷ ಪ್ರಕರಣವು ಇದಕ್ಕೆ ಉತ್ತಮ ನಿದರ್ಶನ. ನೂಲುವವರು ವಿಧವೆಯರು, ಅಂಗವಿಕಲೆಯರು, ದೇವಾಲಯದ ಸೇವೆಯಿಂದ ನಿವೃತ್ತರಾದ ದೇವದಾಸಿಯರು ಮೊದಲಾದವರು. ನೂಲಿನ ನಯ, ಒರಟುತನಗಳನ್ನೂ ಪ್ರಮಾಣವನ್ನೂ ನೋಡಿ ಕೂಲಿ ಗೊತ್ತುಮಾಡಬೇಕು. ಹೆಚ್ಚು ನೂತವರಿಗೆ ತೈಲಾದಿಗಳ ಉಡುಗೊರೆ ಕೊಡಬೇಕು. ನಿರ್ವಹಣಪ್ರಿಯರು ‘ಪ್ರೋತ್ಸಾಹಕ ವೇತನ’ವೆಂದು ಹಿಗ್ಗುವುದು ಇಲ್ಲಿಯೇ. ಆದರೆ ಕೂಲಿ ಪಡೆದೂ ನೂಲದವಳ ಹೆಬ್ಬೆರಳಿಗೆ ಛೇದನವೆಂಬ ವಿಧಿಯೂ ಅದೇ ಪ್ರಕರಣದ್ದು. ಅದು ಅವರ ಉಪನ್ಯಾಸಗಳಲ್ಲಿ ಕಾಣಿಸುವುದು ವಿರಳ. ಅತ್ತ ಈ ಕ್ರೌರ್ಯವೊಂದನ್ನೇ ಎತ್ತಿಹಿಡಿಯುವವರು, ಕೂಲಿಯನ್ನು ತಡಮಾಡಿದ ಅಧ್ಯಕ್ಷನಿಗೂ ಹೆಂಗಸಿನ ಮುಖವನ್ನು ದಿಟ್ಟಿಸಿದ ಅಧ್ಯಕ್ಷನಿಗೂ ದಂಡವುಂಟೆಂಬುದನ್ನು ಮರೆಯುತ್ತಾರೆ. ಈ ಮೂರನ್ನೂ ಒಟ್ಟಿಗೆ ಓದಿದಾಗಲೇ ಪ್ರಕರಣದ ನಿಜಸ್ವರೂಪ ಹೊಳೆಯುತ್ತದೆ: ಕೆಲಸದವಳನ್ನೂ ಮೇಲ್ವಿಚಾರಕನನ್ನೂ ಸಮಾನವಾಗಿ ಶಂಕಿಸುವ ರಾಜಕೋಶದ ದೃಷ್ಟಿ ಅದು.

ಪಶ್ಚಿಮದಲ್ಲಿಯೂ ಆಯ್ಕೆಯ ಈ ದೋಷ ತಪ್ಪಿದ್ದಲ್ಲ. ‘ಷ್ಮಿಟ್’ ಎಂಬ ಕೂಲಿಯವನು ದಿನಕ್ಕೆ 12½ ಟನ್ನಿಗೆ ಬದಲಾಗಿ 47½ ಟನ್ ಕಬ್ಬಿಣ ಹೊತ್ತನೆಂಬ ಟೇಲರನ ಕಥನವನ್ನು ಪಠ್ಯಪುಸ್ತಕಗಳು ದೀರ್ಘಕಾಲ ಒಪ್ಪಿದ್ದವು. ರೆಗೆ ಮತ್ತು ಪೆರೋನಿ ಎಂಬ ಸಂಶೋಧಕರು 1974ರಲ್ಲಿ ದಾಖಲೆಗಳೊಡನೆ ಅದನ್ನು ಹೋಲಿಸಿ, ಕಥನದಲ್ಲಿ ಕಲ್ಪನೆಯ ಪಾಲು ಎಷ್ಟೆಂಬುದನ್ನು ತೋರಿಸಿದರು. ಹೊತ್ತವನ ಮಾತು ಮಾತ್ರ ಆ ಗ್ರಂಥದಲ್ಲಿ ಹೊರಿಸಿದವನ ಬಾಯಿಂದಲೇ ಬಂದಿದೆ. ನೂತವಳ ಮಾತಂತೂ ಅರ್ಥಶಾಸ್ತ್ರದಲ್ಲಿ ಇಲ್ಲವೇ ಇಲ್ಲ.

ಥಾಣೆ–ಬೇಲಾಪುರ ಪಟ್ಟಿಯಲ್ಲಿ, ಡೊಂಬಿವಲಿ, ಕಲ್ಯಾಣ್‌ಗಳ ಉದ್ಯಮಗಳಲ್ಲಿ ಅಧಿಕಾರಿಯಾಗಿಯೂ ಕಾರ್ಮಿಕನಾಗಿಯೂ ದುಡಿದ ಕನ್ನಡಿಗನಿಗೆ ಇದು ಕೇವಲ ಗ್ರಂಥಾಲಯದ ಜಿಜ್ಞಾಸೆಯಲ್ಲ. ಮೈಸೂರಿನಲ್ಲಿ ಬೆಳಕಿಗೆ ಬಂದು ಮುಂಬಯಿಯಲ್ಲಿ ಪರಿಷ್ಕಾರಗೊಂಡ ಗ್ರಂಥವೆಂಬ ಅಭಿಮಾನ ಸಹಜವೇ. ಆದರೆ ಶಾಮಶಾಸ್ತ್ರಿಗಳು ಲೋಕಕ್ಕಿತ್ತುದು ಪೂರ್ಣಗ್ರಂಥವನ್ನು. ಅದರಿಂದ ಉಡುಗೊರೆಯನ್ನು ಮಾತ್ರ ಎತ್ತಿಕೊಂಡು ಹೆಬ್ಬೆರಳನ್ನು ಮರೆಮಾಡುವುದು ಅವರ ಶ್ರಮಕ್ಕೆ ಸಲ್ಲಿಸುವ ಗೌರವವಲ್ಲ. ನಿರ್ವಹಣ ಚಿಂತನೆಯ ಚರಿತ್ರೆಯು ಆಳಿದವರ ಯುಕ್ತಿಗಳ ಪಟ್ಟಿಯಾಗಿ ಉಳಿಯದೆ, ಆ ಯುಕ್ತಿಗಳು ಯಾರ ಮೈಮೇಲೆ ನಡೆದವೆಂಬ ವಿಚಾರವೂ ಆದಾಗಲೇ ಶಾಸ್ತ್ರವೆನಿಸೀತು.