ಕಡಸಿನಿಂದ ಶುರುಮಾಡಿ

ನಮ್ಮ ಕಡೆ ಎಮ್ಮೆಗಳು ಹೆಚ್ಚಾಗಿ ಈಯುವುದು ಶ್ರಾವಣದಿಂದ ಕಾರ್ತಿಕದವರೆಗೆ. ಹಗಲು ಕಿರಿದಾಗಿ ಚಳಿ ಹುಟ್ಟಿದಾಗ ಎಮ್ಮೆ ಚೆನ್ನಾಗಿ ಬೆದೆಗೆ ಬರುತ್ತದೆ. ಹತ್ತು ತಿಂಗಳು ಚಿಲ್ಲರೆ ದಿನ ಹೊತ್ತು, ಬದುವಿನ ಮೇಲೆ ಹುಲ್ಲು ಎದ್ದಿರುವಾಗ ಕರು ಹಾಕುತ್ತದೆ. ಬೇಸಿಗೆಯಲ್ಲಿ ಬಂದರೂ ಅದು ಮೂಕ ಬೆದೆ. ಮನೆಯವರಿಗೆ ತಿಳಿಯುವುದೇ ಇಲ್ಲ.

ಸೀಮೆಹಸುವಿಗೆ ಈ ಕಟ್ಟುಪಾಡಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟದ ಕೊಟ್ಟಿಗೆಗಳಲ್ಲಿ ಹನ್ನೆರಡು ತಿಂಗಳೂ ಇಂಜೆಕ್ಷನ್, ಹನ್ನೆರಡು ತಿಂಗಳೂ ಸೂಲು. ಡೈರಿಗೆ ದಿನಾ ಹಾಲು ಬೇಕು, ಮನೆಗೆ ಬಟವಾಡೆ ಬೇಕು, ಸರಿಯೇ. ಆದರೂ ಎಮ್ಮೆಯ ಲೆಕ್ಕವನ್ನೇ ಹಸುವಿಗೂ ಹಾಕಿದವರು ಗೆಲ್ಲುತ್ತಾರೆ ಎಂಬುದು ನನ್ನ ವಾದ.

ಹಸು ಗಬ್ಬ ಹೊರುವುದು ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕೆಂದರೆ ಈದ 85 ದಿನದೊಳಗೆ ಮತ್ತೆ ಗಬ್ಬ ನಿಲ್ಲಬೇಕು. ಜನವರಿ ಕೊನೆಗೆ ಈದ ಹಸುವಿಗೆ ಆ ಗಡುವು ಬೀಳುವುದು ಏಪ್ರಿಲ್ ಬಿಸಿಲಿನಲ್ಲಿ. ಝಳಕ್ಕೆ ಎಚ್‌ಎಫ್ ಮಿಶ್ರತಳಿ ಮೇವು ಬಿಡುತ್ತದೆ, ಬೆದೆ ಮಂಕಾಗುತ್ತದೆ, ಹಾಕಿಸಿದ್ದು ನಿಲ್ಲುವುದಿಲ್ಲ. ಮೂರು ವಾರಕ್ಕೊಮ್ಮೆ ತಿರುಗಿ ತಿರುಗಿ ಬೆದೆಗೆ ಬಂದು ಆಷಾಢ ಮುಟ್ಟುತ್ತದೆ. ತೆಂಗಿನ ನೆರಳು ಅಷ್ಟಿಷ್ಟು ಕಾಯುತ್ತದೆ, ಪೂರ್ತಿ ಅಲ್ಲ. ಸೆಪ್ಟೆಂಬರಿನಲ್ಲಿ ಈದದ್ದಕ್ಕೆ ಈ ಗೋಳಿಲ್ಲ. ಡಿಸೆಂಬರಿನ ಚಳಿಯಲ್ಲಿ ಅದರ ಸರದಿ.

ಮೇವಿಗೂ ಇದೇ ಹೊಂದುತ್ತದೆ. ಈದ ಒಂದೂವರೆ ಎರಡು ತಿಂಗಳಿಗೆ ಹಾಲು ತುದಿ ಮುಟ್ಟುತ್ತದೆ. ನಮ್ಮಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗ ಬದುವಿನ ಹುಲ್ಲು, ಹಸಿ ಜೋಳದ ಕಡ್ಡಿ. ಅದರ ಬೆನ್ನಿಗೇ ಹೊಸ ರಾಗಿಹುಲ್ಲಿನ ಬಣವೆ. ಒಣಹುಲ್ಲು, ಬೂಸಾ, ಹಿಂಡಿಯಲ್ಲೇ ದಿನ ದೂಡುವ ಬೇಸಿಗೆಯ ಹೊತ್ತಿಗೆ ಹಾಲೂ ಇಳಿದಿರುತ್ತದೆ, ಹಸುವಿನ ಬೇಡಿಕೆಯೂ ಇಳಿದಿರುತ್ತದೆ.

ಕಾಲ ನೋಡಿ ದನ ಸಾಕುವುದು ಈ ಸೀಮೆಗೆ ಹೊಸದಲ್ಲ. ತಿಪಟೂರು ತಾಲ್ಲೂಕಿನ ಕೊನೇಹಳ್ಳಿ ಕೇಂದ್ರದಲ್ಲಿ ಇಂದಿಗೂ ಉಳಿಸಿಕೊಂಡಿರುವ ಅಮೃತಮಹಲ್ ತಳಿಗೆ ಮೈಸೂರು ಸಂಸ್ಥಾನದಲ್ಲಿ ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆ ಬೇರೆ ಕಾವಲುಗಳಿದ್ದವು. ನ್ಯೂಜಿಲೆಂಡಿನಲ್ಲಂತೂ ಜುಲೈ, ಆಗಸ್ಟ್ ಬಂತೆಂದರೆ ವಸಂತದ ಹುಲ್ಲಿಗೆ ಸರಿಯಾಗಿ ಹಿಂಡಿಗೆ ಹಿಂಡೇ ಈಯುತ್ತದೆ. ಚಳಿಗಾಲದಲ್ಲಿ ಹಿಂಡೇ ಬತ್ತುತ್ತದೆ. ಹಾಲಿನ ಪುಡಿ ಮಾಡಿ ಹೊರದೇಶಕ್ಕೆ ಮಾರುವವರಿಗೆ ಅದು ನಡೆಯುತ್ತದೆ, ಎರಡು ಹಸುವಿನ ಮನೆಗೆ ನಡೆಯದು. ನಮ್ಮ ದಾರಿ ಬೇರೆ: ಒಂದು ಆಗಸ್ಟಿನಲ್ಲಿ, ಇನ್ನೊಂದು ನವೆಂಬರಿನಲ್ಲಿ ಈಯಲಿ. ಈಯುವ ಮುನ್ನ ಎರಡೆರಡು ತಿಂಗಳು ಬತ್ತಿಸಿದರೂ ಎರಡೂ ಒಟ್ಟಿಗೆ ಬತ್ತುವುದಿಲ್ಲ. ಮರುಗಬ್ಬ ಎರಡಕ್ಕೂ ಬಿಸಿಲಿಗೆ ಮುಂಚೆಯೇ.

ಹಾಗಂತ ಏಪ್ರಿಲಿನಲ್ಲಿ ಬೆದೆಗೆ ಬಂದ ಕರೆಯುವ ಹಸುವನ್ನು ನವೆಂಬರಿನ ತನಕ ಬರಡು ಬಿಡಬೇಡಿ, ಮೇವು ದಂಡ. ಶುರುಮಾಡಬೇಕಾದ್ದು ಕಡಸಿನಿಂದ. ಅದಕ್ಕೆ ಕಳೆದುಕೊಳ್ಳುವ ಹಾಲಿಲ್ಲ. 250 ಕೆಜಿ ದಾಟಿದ ಕಡಸನ್ನು ದೀಪಾವಳಿ ಕಳೆದ ಮೇಲೆ ದಿನಕ್ಕೆರಡು ಸಲ ಹಿಂದಿನಿಂದ ನಿಂತು ನೋಡಿ. ಬೆಳಗ್ಗೆ ಗಾಜಿನ ಎಳೆಯಂತೆ ತಿಳಿಲೋಳೆ ಜೋತಿದ್ದರೆ ಸಂಜೆ ಇಂಜೆಕ್ಷನ್, ಸಂಜೆ ಕಂಡರೆ ಮರುದಿನ ಬೆಳಗ್ಗೆ. ಲೋಳೆ ಬೆಳ್ಳಗೆ ಕದಡಿದ್ದರೆ ಹಾಕಿಸಬೇಡಿ, ಮೊದಲು ಡಾಕ್ಟರಿಗೆ ತೋರಿಸಿ. ಮೂರು ತಿಂಗಳಿಗೆ ಗಬ್ಬ ಪರೀಕ್ಷೆ ಮಾಡಿಸಿ. ಮೊದಲ ಸೂಲು ಸರಿಯಾದ ಕಾಲಕ್ಕೆ ಬಿದ್ದರೆ ಮುಂದಿನವನ್ನು ಅದೇ ಸಾಲಿನಲ್ಲಿ ಹಿಡಿದಿಡುವುದು ಅರ್ಧ ಕೆಲಸ ಅಷ್ಟೇ.