ನಿರ್ಭೀಕ್: ಒಡವೆ ಪೆಟ್ಟಿಗೆಯಲ್ಲಿ ಬಂದ ರಿವಾಲ್ವರ್

2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆ ‘ನಿರ್ಭೀಕ್’ ಎಂಬ ರಿವಾಲ್ವರನ್ನು ಹೊರತಂದಿತು. ಮಹಿಳೆಯರಿಗೆಂದೇ ತಯಾರಾದ ದೇಶದ ಮೊದಲ ಬಂದೂಕು ಎಂಬುದು ಅದರ ಪ್ರಚಾರ. 2012ರ ದೆಹಲಿ ಅತ್ಯಾಚಾರದ ಸಂತ್ರಸ್ತೆಗೆ ಮಾಧ್ಯಮಗಳು ಕೊಟ್ಟ ‘ನಿರ್ಭಯಾ’ ಎಂಬ ಹೆಸರಿನ ನೆನಪು ಈ ಬಂದೂಕಿನ ಹೆಸರಲ್ಲೂ ಇದೆ. ಟೈಟಾನಿಯಂ ಮಿಶ್ರಲೋಹದ ಮೈ, ಸುಮಾರು ಅರ್ಧ ಕೆ.ಜಿ. ತೂಕ, ಆಗಿನ ಬೆಲೆ 1,22,360 ರೂಪಾಯಿ. ಒಡವೆ ಪೆಟ್ಟಿಗೆಯಂಥ ಕಡುಗೆಂಪು ಡಬ್ಬಿಯಲ್ಲಿಟ್ಟು ಮಾರುತ್ತಿದ್ದರು. ಕೊಳ್ಳುವವರು ಯಾರೆಂದು ಆ ಡಬ್ಬಿಯೇ ಹೇಳುತ್ತದೆ. ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಗಾರ್ಮೆಂಟ್ಸ್ ಕೆಲಸಗಾರ್ತಿಯಂತೂ ಅಲ್ಲ.

ಕಾನೂನು ಆತ್ಮರಕ್ಷಣೆಗೆ ಅಡ್ಡ ಬರುವುದಿಲ್ಲ. ಅತ್ಯಾಚಾರಕ್ಕೆಂದು ಮೇಲೆರಗಿದವನನ್ನು ತಡೆಯುವಾಗ ಅವನು ಸತ್ತರೂ ಅದು ಅಪರಾಧವಲ್ಲ ಎಂದು ಹಳೆಯ ದಂಡ ಸಂಹಿತೆಯ 100ನೇ ಕಲಂ ಹೇಳುತ್ತಿತ್ತು. ಅದರ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 38ನೇ ಕಲಂ ಈಗಲೂ ಅದನ್ನೇ ಹೇಳುತ್ತದೆ. ತೊಡಕಿರುವುದು ಬಂದೂಕು ಊಹಿಸಿಕೊಂಡಿರುವ ಶತ್ರುವಿನಲ್ಲಿ. ಅವನು ಕತ್ತಲಲ್ಲಿ ಎದುರಾಗುವ ಅಪರಿಚಿತ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಗಳಲ್ಲಾದರೋ ಶೇ 90ಕ್ಕೂ ಹೆಚ್ಚು ಅತ್ಯಾಚಾರ ಪ್ರಕರಣಗಳ ಆರೋಪಿ ಪರಿಚಿತನೇ: ನೆಂಟ, ನೆರೆಯವ, ಮಾಲೀಕ, ಮದುವೆಯಾಗುವೆನೆಂದು ನಂಬಿಸಿದವನು. ಚಹಾ ಕೊಟ್ಟು ಕೂರಿಸಿದವನ ಮೇಲೆ ಗುರಿಯಿಡಲು ಯಾವ ಕೈಯೂ ಮೊದಲೇ ಸಿದ್ಧವಾಗಿರುವುದಿಲ್ಲ. ಮನೆಯ ಬಂದೂಕು ಗಂಡನ ಕೈಗೂ ಎಟುಕುತ್ತದೆ. ಹಿಂಸಿಸುವ ಸಂಗಾತಿಗೆ ಬಂದೂಕು ಸಿಗುವಂತಿದ್ದರೆ ಹೆಣ್ಣು ಕೊಲೆಯಾಗುವ ಅಪಾಯ ಸುಮಾರು ಐದು ಪಟ್ಟು ಹೆಚ್ಚೆಂದು ಜಾಕ್ವೆಲಿನ್ ಕ್ಯಾಂಪ್‌ಬೆಲ್ ತಂಡದ 2003ರ ಅಮೆರಿಕನ್ ಅಧ್ಯಯನ ತೋರಿಸಿದೆ.

ಬಂದೂಕಿನ ಪರ ವಾದಿಸುವವರು ಫ್ಲಾರಿಡಾದ ಒರ್ಲ್ಯಾಂಡೊ ನಗರವನ್ನು ಮುಂದಿಡುತ್ತಾರೆ. ಅಲ್ಲಿನ ಪೊಲೀಸರು 1966–67ರಲ್ಲಿ ಸಾವಿರಾರು ಮಹಿಳೆಯರಿಗೆ ಗುಂಡು ಹಾರಿಸಲು ಕಲಿಸಿದರು; ಒಂದೇ ವರ್ಷದಲ್ಲಿ ಅತ್ಯಾಚಾರ ಪ್ರಮಾಣ ಶೇ 88ರಷ್ಟು ಇಳಿಯಿತು. ಕೇಳಲು ಬೆರಗಿನ ಲೆಕ್ಕ. ಆದರೆ ಆ ಊರಿನ ಪ್ರಕರಣಗಳ ಸಂಖ್ಯೆಯೇ ಚಿಕ್ಕದು, ಮೊದಲಿನಿಂದಲೂ ವರ್ಷವರ್ಷಕ್ಕೆ ಏರಿಳಿಯುತ್ತಿದ್ದುದು. ಡೇವಿಡ್ ಮೆಕ್‌ಡವಲ್ ಮತ್ತು ಸಂಗಡಿಗರು 1991ರಲ್ಲಿ ದೀರ್ಘಾವಧಿಯ ಅಂಕಿಗಳನ್ನು ಪರಿಶೀಲಿಸಿದಾಗ ಇಳಿಕೆಗೆ ತರಬೇತಿಯೇ ಕಾರಣವೆಂಬ ವಾದ ನಿಲ್ಲಲಿಲ್ಲ.

ಹಾಗೆಂದು ಪ್ರತಿರೋಧವೇ ವ್ಯರ್ಥವಲ್ಲ. ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ಷಾರ್ಲೀನ್ ಸೆನ್ ತಂಡ ವಿದ್ಯಾರ್ಥಿನಿಯರಿಗೆ 12 ಗಂಟೆಗಳ ತರಬೇತಿ ಕೊಟ್ಟಿತು. ಅಲ್ಲಿ ಆಯುಧವಿರಲಿಲ್ಲ. ಪರಿಚಿತನ ನಡೆಯಲ್ಲಿ ಅಪಾಯವನ್ನು ಗುರುತಿಸುವುದು, ಮುಲಾಜು ಬಿಟ್ಟು ಕೂಗುವುದು, ಒದ್ದು ಬಿಡಿಸಿಕೊಳ್ಳುವುದು ಇವೇ ಪಾಠ. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಂದು ವರ್ಷದೊಳಗೆ ಅತ್ಯಾಚಾರಕ್ಕೊಳಗಾದವರು ತರಬೇತಿ ಪಡೆದವರಲ್ಲಿ ಶೇ 5.2, ಬರೀ ಕರಪತ್ರ ಪಡೆದವರಲ್ಲಿ ಶೇ 9.8.